ಮೂರು ಗುಂಪುಗಳು, ಒಂದೇ ಅಂಚೆಪೆಟ್ಟಿಗೆ: ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸಿರುವುದು ಒಂದೇ ಊರಿನಲ್ಲಿ ಕೆಲಸ ಮಾಡುವ ಮೂರು ಸ್ವಯಂಸೇವಾ ತಂತ್ರಜ್ಞಾನ ಗುಂಪುಗಳ ಕಥೆ. ಊರಿನ, ಗುಂಪುಗಳ, ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಹಿಡಿಯಲು ದಾರಿಯಾಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳು ನಡೆದ ಕ್ರಮವನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಇರುವುದು ಆ ಕ್ರಮದಲ್ಲಿಯೇ. ಬರೆಯುತ್ತಿರುವ ನಾನು ಮೂರೂ ಗುಂಪುಗಳಲ್ಲಿ ಇದ್ದವರಲ್ಲಿ ಒಬ್ಬ. ಪ್ರಕಟಣೆಗೆ ಮುನ್ನ ಇದನ್ನು ಮೂರು ಗುಂಪುಗಳವರೂ ಓದಿ ಒಪ್ಪಿದ್ದಾರೆ.

ಹಿನ್ನೆಲೆ

ಮೂರರಲ್ಲಿ ಹಳೆಯದು ಸ್ವತಂತ್ರ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ತಂತ್ರಾಂಶ, ಬಳಸುವವರ ಗುಂಪು. ಅದನ್ನು ಇಲ್ಲಿ ‘ಬಳಗ’ ಎನ್ನುತ್ತೇನೆ. ತಿಂಗಳಿಗೊಮ್ಮೆ ಸೇರುವುದು, ಹೊಸಬರ ಕಂಪ್ಯೂಟರ್‌ಗೆ ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಡುವುದು, ಸಾರ್ವಜನಿಕ ಸಂಸ್ಥೆಗಳು ಮುಕ್ತ ಮಾನಕಗಳನ್ನು ಬಳಸಬೇಕೆಂದು ಮನವಿ ಸಲ್ಲಿಸುವುದು ಅದರ ಕೆಲಸ. ಕೆಲವು ವರ್ಷಗಳ ನಂತರ ಬಳಗದೊಳಗಿನ ನಾಲ್ವರು ಕಚೇರಿಗಳು ಕೈಬಿಟ್ಟ ಕಂಪ್ಯೂಟರ್‌ಗಳನ್ನು ತಂದು, ಹಾರ್ಡ್ ಡಿಸ್ಕ್‌ಗಳನ್ನು ಪೂರ್ತಿ ಅಳಿಸಿ, ಸರಿಪಡಿಸಿ ಶಾಲೆಗಳಿಗೆ ಕೊಡತೊಡಗಿದರು. ಅದು ‘ದುರಸ್ತಿ ತಂಡ’. ಮೂರನೆಯದು ಹುಟ್ಟಿದ್ದು ಬೇಡಿಕೆಯಿಂದ. ಖಾತೆ ಕದ್ದುಹೋದವರು, ತಮ್ಮ ಫೋನನ್ನು ಬೇರೆ ಯಾರೋ ನೋಡುತ್ತಿದ್ದಾರೆಂದು ಹೆದರಿದವರು, ಚಿತ್ರಗಳು ದುರ್ಬಳಕೆಯಾದವರು ಬಳಗದ ಸಭೆ ಮುಗಿದ ಮೇಲೆ ಉಳಿದುಕೊಂಡು ಮೆಲ್ಲನೆ ಕೇಳುತ್ತಿದ್ದರು. ಅವರಿಗಾಗಿ ಶುರುವಾದದ್ದು ‘ಸಹಾಯವಾಣಿ’.

ಒಟ್ಟು ಹದಿನಾಲ್ಕು ಮಂದಿ ಸಕ್ರಿಯರು. ಅವರಲ್ಲಿ ಆರು ಮಂದಿ ಎರಡು ಗುಂಪುಗಳಲ್ಲಿ, ಮೂವರು ಮೂರರಲ್ಲೂ ಇದ್ದರು. ಜಾಲತಾಣ, ಇಮೇಲ್ ವಿಳಾಸಗಳ ಹೆಸರಾದ ಡೊಮೈನ್ ಒಂದೇ, ಸರ್ವರ್ ಒಂದೇ, ಪಾಸ್‌ವರ್ಡ್‌ಗಳ ಕಡತ ಒಂದೇ. ಮೂರು ಗುಂಪುಗಳಿಗೆ ಬಂದ ಪತ್ರಗಳೆಲ್ಲ ಸೇರುತ್ತಿದ್ದ ಇನ್‌ಬಾಕ್ಸ್ ಕೂಡ ಒಂದೇ. ಆಗ ಇದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ. ಸ್ವಯಂಸೇವಕರ ಬಳಿ ಇರುವುದು ಸಂಜೆಯ ಒಂದೆರಡು ಗಂಟೆ. ಆ ಹೊತ್ತಿನಲ್ಲಿ ಮೂರು ಸರ್ವರ್‌ಗಳನ್ನು ನೋಡಿಕೊಳ್ಳುವುದಕ್ಕಿಂತ ಒಂದನ್ನು ಚೆನ್ನಾಗಿ ನೋಡಿಕೊಳ್ಳುವುದು ಜಾಣತನವೆಂದೇ ನಾವು ನಂಬಿದ್ದೆವು.

ಜನ ಹಂಚಿಹೋಗಿರುವುದು ಇಂಥ ಗುಂಪುಗಳಲ್ಲಿ ದೋಷವೇನೂ ಅಲ್ಲ. ಸ್ವಯಂಸೇವಕರು ಸೇರಿ ಮಾಡುವ ಮುಕ್ತ ನಕ್ಷೆಯಾಗಿ 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಆಸರೆಯಾಗಿ 2006ರಲ್ಲಿ ಒಂದು ಪ್ರತಿಷ್ಠಾನ ಬಂತು. ವಿಪತ್ತುಗಳ ಸಮಯದಲ್ಲಿ ನಕ್ಷೆ ಮಾಡುವ ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ 2010ರಲ್ಲಿ ಬೇರೆಯೇ ಸಂಸ್ಥೆಯಾಗಿ ನೋಂದಣಿಯಾಯಿತು. ಎರಡರಲ್ಲೂ ಕೆಲಸ ಮಾಡುವವರಿದ್ದಾರೆ, ಹೆಸರಿನಲ್ಲಿ ಅರ್ಧ ಭಾಗವೂ ಒಂದೇ, ಆದರೂ ಒಂದರ ನಿರ್ಧಾರ ಇನ್ನೊಂದರದ್ದಾಗುವುದಿಲ್ಲ. ನಮ್ಮಲ್ಲಿ ಆ ಕೊನೆಯ ಮಾತು ಎಲ್ಲಿಯೂ ಬರೆದಿಡಲ್ಪಟ್ಟಿರಲಿಲ್ಲ.

ತೊಡಕು ಕಾಣಿಸಿಕೊಂಡ ಬಗೆ

ಮೊದಲ ಸೂಚನೆಯನ್ನು ನಾವು ತಾಂತ್ರಿಕ ಕಿರಿಕಿರಿಯೆಂದು ತಳ್ಳಿಹಾಕಿದೆವು. ದುರಸ್ತಿ ತಂಡ ದಾನಿಗಳಿಗೆಲ್ಲ ಒಟ್ಟಿಗೆ ಸುದ್ದಿಪತ್ರ ಕಳಿಸುತ್ತಿತ್ತು. ಅದನ್ನು ಬೇಡದ ಕೆಲವರು ಸ್ಪ್ಯಾಮ್ ಎಂದು ಗುರುತು ಹಾಕಿದರು. ಇಮೇಲ್ ಸೇವೆಗಳು ಇಂಥ ದೂರುಗಳನ್ನು ಕಳಿಸಿದ ಡೊಮೈನ್‌ನ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ. ನಮ್ಮ ಡೊಮೈನ್ ಒಂದೇ ಆಗಿದ್ದರಿಂದ ಸಹಾಯವಾಣಿ ಬರೆದ ಉತ್ತರಗಳೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗಿದವು. ನೆರವಿಗಾಗಿ ಬರೆದು ಎರಡು ದಿನ ಕಾದವರೊಬ್ಬರು ‘ನೀವು ಉತ್ತರಿಸಲೇ ಇಲ್ಲ’ ಎಂದಾಗ, ಉತ್ತರ ಅವರನ್ನು ತಲುಪಿಯೂ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದು ತಿಳಿಯಿತು. ನಾವು ಸುದ್ದಿಪತ್ರವನ್ನು ಕೆಲವು ವಾರ ನಿಲ್ಲಿಸಿ ಸುಮ್ಮನಾದೆವು.

ಎರಡನೆಯ ಸೂಚನೆ ಮಾತಿಗೆ ಸಂಬಂಧಿಸಿದ್ದು. ಒಂದು ಕಂಪನಿ ದುರಸ್ತಿ ತಂಡಕ್ಕೆ ಹಳೆಯ ಕಂಪ್ಯೂಟರ್‌ಗಳನ್ನು ಕೊಟ್ಟು, ತಾನು ‘ಬಳಗವನ್ನು ಬೆಂಬಲಿಸುತ್ತಿದ್ದೇನೆ’ ಎಂದು ಪ್ರಕಟಿಸಿತು. ಅದೇ ತಿಂಗಳು ಬಳಗವು ಆ ಕಂಪನಿ ಮಾರುವಂಥ ತಂತ್ರಾಂಶದ ಖರೀದಿಯನ್ನು ವಿರೋಧಿಸಿ ಮನವಿ ಸಲ್ಲಿಸಿತ್ತು. ಬಳಗದ ಸದಸ್ಯರು ‘ಇವರಿಂದ ಏನು ತೆಗೆದುಕೊಂಡಿರಿ?’ ಎಂದು ಕೇಳಿದರು. ಕಂಪನಿಯವರು ‘ಕೊಟ್ಟವರನ್ನೇ ಬೈಯುತ್ತೀರಾ?’ ಎಂದು ಕೇಳಿದರು. ಇಬ್ಬರಿಗೂ ಉತ್ತರ ಕೊಡಬೇಕಾಗಿ ಬಂದದ್ದು ಒಬ್ಬರೇ ವ್ಯಕ್ತಿ, ಒಂದೇ ವಿಳಾಸದಿಂದ. ಸರಿಯಾದ ಉತ್ತರ ಅವರ ಬಳಿ ಇತ್ತು, ಆದರೆ ಆ ಉತ್ತರ ಯಾರದ್ದು ಎಂದು ಓದುವವರಿಗೆ ಗೊತ್ತಾಗುವಂತಿರಲಿಲ್ಲ.

ಇವೆರಡೂ ನಮ್ಮನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಿದ್ದು ಮೂರನೆಯದು.

ಒಂದು ರಾತ್ರಿ ಸಹಾಯವಾಣಿಗೆ ಮಹಿಳೆಯೊಬ್ಬರು ಬರೆದರು. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ಖಾತೆಗಳನ್ನು ನೋಡುತ್ತಿದ್ದಾರೆಂಬ ಅನುಮಾನ ಅವರಿಗಿತ್ತು. ಯಾವ ಕಾರಣಕ್ಕೆ ಹಾಗನಿಸಿತು ಎಂಬುದನ್ನು ವಿವರವಾಗಿ ಬರೆದು, ಇಂಥ ಹೊತ್ತಿನಲ್ಲಿ ಮಾತ್ರ ಕರೆ ಮಾಡಬಹುದೆಂದು ಒಂದು ಸಂಖ್ಯೆ ಕೊಟ್ಟಿದ್ದರು. ಸಹಾಯವಾಣಿಯ ಪುಟದಲ್ಲಿ ನಾವು ‘ನಿಮ್ಮ ಪತ್ರವನ್ನು ಇಬ್ಬರು ಮಾತ್ರ ಓದುತ್ತಾರೆ’ ಎಂದು ಬರೆದಿದ್ದೆವು. ಅಲ್ಲಿದ್ದ ವಿಳಾಸ ನೋಡಲು ಬೇರೆಯಾಗಿತ್ತು, ನಿಜ. ಆದರೆ ಅದು ಸಾಮಾನ್ಯ ಇನ್‌ಬಾಕ್ಸ್‌ಗೆ ಕಟ್ಟಿದ ಇನ್ನೊಂದು ಹೆಸರು ಮಾತ್ರ. ಆ ಇನ್‌ಬಾಕ್ಸನ್ನು ತೆರೆಯಬಲ್ಲವರು ಹನ್ನೊಂದು ಮಂದಿ. ಹನ್ನೊಂದನೆಯವರು ಸ್ವಯಂಸೇವಕರೂ ಅಲ್ಲ. ಕಂಪ್ಯೂಟರ್ ಕೊಟ್ಟ ಕಂಪನಿಯಲ್ಲಿ ಸಾಗಣೆಯ ದಿನ, ವೇಳೆ ನೋಡಿಕೊಳ್ಳುತ್ತಿದ್ದ ಉದ್ಯೋಗಿ. ಪ್ರತಿ ಸಲ ಪತ್ರ ಮುಂದೆ ಕಳಿಸುವ ಕೆಲಸ ತಪ್ಪಲೆಂದು ಎಂಟು ತಿಂಗಳ ಹಿಂದೆ ಅವರನ್ನು ಸೇರಿಸಿದ್ದೆವು, ತೆಗೆಯಲು ಮರೆತಿದ್ದೆವು. ಪತ್ರ ಬರೆದ ಮಹಿಳೆ ಕೆಲಸ ಮಾಡುತ್ತಿದ್ದುದು ಅದೇ ಕಂಪನಿಯಲ್ಲಿ.

ಮರುದಿನ ಬೆಳಿಗ್ಗೆ ಆ ಉದ್ಯೋಗಿಯೇ ನಮ್ಮಲ್ಲೊಬ್ಬರಿಗೆ ಕರೆ ಮಾಡಿದರು. ‘ಈ ಪತ್ರ ನನಗೆ ಕಾಣಬಾರದಿತ್ತು. ಎರಡು ಸಾಲು ಓದಿ ಮುಚ್ಚಿದ್ದೇನೆ. ನನ್ನ ಹೆಸರನ್ನು ಈಗಲೇ ತೆಗೆದುಬಿಡಿ’ ಎಂದರು. ಅವರ ಸಜ್ಜನಿಕೆಯಿಂದ ಅನಾಹುತ ತಪ್ಪಿತು. ನಮ್ಮ ಏರ್ಪಾಡಿನಲ್ಲಿ ಅದನ್ನು ತಪ್ಪಿಸಬಲ್ಲದ್ದು ಏನೂ ಇರಲಿಲ್ಲ.

ಆ ದಿನ ಎರಡು ಗಂಟೆ ವಾದ ನಡೆಯಿತು: ಪತ್ರ ಬರೆದವರಿಗೆ ಇದನ್ನು ಹೇಳಬೇಕೇ? ಮೊದಲೇ ಹೆದರಿರುವವರನ್ನು ಇನ್ನಷ್ಟು ಹೆದರಿಸಿದಂತಾಗುತ್ತದೆ ಎಂಬುದು ಒಂದು ಪಕ್ಷ. ಇಬ್ಬರೇ ಓದುತ್ತಾರೆಂದು ಮಾತು ಕೊಟ್ಟವರು ನಾವು, ಮಾತು ತಪ್ಪಿದ್ದನ್ನು ಮುಚ್ಚಿಡುವ ಹಕ್ಕು ನಮಗಿಲ್ಲ ಎಂಬುದು ಇನ್ನೊಂದು. ಎರಡನೆಯದೇ ಸರಿಯೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಯಾರು ಓದಿದ್ದಾರೆಂದು ತಿಳಿದರೆ ಮಾತ್ರ ಅವರು ತಮ್ಮ ಮುಂದಿನ ಹೆಜ್ಜೆಯನ್ನು ಸುರಕ್ಷಿತವಾಗಿ ಇಡಬಲ್ಲರು. ಆ ಉದ್ಯೋಗಿಯ ಒಪ್ಪಿಗೆ ಪಡೆದು, ಹೇಳಿದ್ದ ಹೊತ್ತಿಗೆ ಕರೆ ಮಾಡಿ, ನಡೆದದ್ದನ್ನು ಮೊದಲ ಮಾತಿನಲ್ಲೇ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಓದಿದವರ ಹೆಸರು ಕೇಳಿದರು. ಹೇಳಿದೆವು. ‘ಅವರಾದದ್ದು ನಿಮ್ಮ ಪುಣ್ಯ’ ಎಂದರು. ಖಾತೆಗಳಲ್ಲಿ ತೆರೆದಿರುವ ಲಾಗಿನ್‌ಗಳನ್ನು ನೋಡಿ ಮುಚ್ಚುವುದು, ಪಾಸ್‌ವರ್ಡ್ ಮರಳಿ ಪಡೆಯುವ ಸಂಖ್ಯೆಯನ್ನು ಬದಲಿಸುವುದು, ಎರಡು ಹಂತದ ದೃಢೀಕರಣ ಹಾಕಿಕೊಳ್ಳುವುದು ಇವಿಷ್ಟನ್ನು ಆ ಕರೆಯಲ್ಲೇ ಮಾಡಿಕೊಂಡರು. ಮತ್ತೆ ಅವರಿಂದ ಕರೆಯಾಗಲಿ ಪತ್ರವಾಗಲಿ ಬರಲಿಲ್ಲ.

ಮೊದಲ ಎರಡು ಪ್ರಯತ್ನಗಳು

ಅವಸರದಲ್ಲಿ ಮಾಡಿದ ಮೊದಲ ನಿಯಮ: ಒಬ್ಬರು ಒಂದೇ ಗುಂಪಿನಲ್ಲಿರಬೇಕು. ಕೇಳಲು ಸ್ವಚ್ಛವಾಗಿತ್ತು. ಮೂರು ವಾರಗಳಲ್ಲಿ ಸಹಾಯವಾಣಿಯಲ್ಲಿ ಉಳಿದವರು ಒಬ್ಬರೇ. ದುರಸ್ತಿ ತಂಡದಲ್ಲಿ ಶಾಲೆಯ ನೆಟ್‌ವರ್ಕ್ ಕಟ್ಟಬಲ್ಲವರೇ ಇಲ್ಲವಾದರು. ಎಲ್ಲರಿಗಿಂತ ಅನುಭವಿಯಾಗಿದ್ದ ಒಬ್ಬರು ‘ನನ್ನನ್ನು ಮೂರು ತುಂಡು ಮಾಡಿ ಒಂದನ್ನು ಆರಿಸು ಎನ್ನುತ್ತಿದ್ದೀರಿ’ ಎಂದು ಹೇಳಿ ಮೂರನ್ನೂ ಬಿಟ್ಟರು. ಎರಡು ತಿಂಗಳಲ್ಲಿ ನಿಯಮವನ್ನು ಹಿಂತೆಗೆದೆವು. ಅದರಿಂದಾದ ನಷ್ಟ ಪತ್ರ ಸೋರಿದ್ದರಿಂದಾದ ನಷ್ಟಕ್ಕಿಂತ ಚಿಕ್ಕದಲ್ಲ ಎಂದೇ ನನ್ನ ಅಭಿಪ್ರಾಯ. ಪತ್ರ ಬೇರೆಯವರ ಕಣ್ಣಿಗೆ ಬಿದ್ದದ್ದು ಅದನ್ನು ಅಲ್ಲಿಗೆ ಕಳಿಸಿದ ವಿಳಾಸದಿಂದ. ಶಿಕ್ಷೆಯಾದದ್ದು ಎರಡು ಕಡೆ ದುಡಿಯುತ್ತಿದ್ದವರಿಗೆ.

ಎರಡನೆಯ ಪ್ರಯತ್ನ ಇದಕ್ಕೆ ವಿರುದ್ಧ ದಿಕ್ಕಿನದು. ಜನ ಇದ್ದಂತೆಯೇ ಇರಲಿ, ಹೊರಗಿನ ನೋಟ ಬೇರೆಯಾಗಲಿ ಎಂದುಕೊಂಡು ಮೂರು ಚಿಹ್ನೆ, ಮೂರು ಬಣ್ಣ, ಮೂರು ಜಾಲತಾಣ, ಮೂರು ಇನ್‌ಬಾಕ್ಸ್ ಮಾಡಿದೆವು. ನೋಡಿದವರೆಲ್ಲ ಮೆಚ್ಚಿದರು. ಐದು ತಿಂಗಳು ನಾವೂ ನೆಮ್ಮದಿಯಿಂದಿದ್ದೆವು.

ಆ ನೆಮ್ಮದಿಯನ್ನು ಕೆಡಿಸಿದ್ದು ಹೊಸದಾಗಿ ಸೇರಿದ ಸ್ವಯಂಸೇವಕಿಯೊಬ್ಬರ ಒಂದು ಪ್ರಶ್ನೆ. ಸಹಾಯವಾಣಿಯ ಇಮೇಲ್ ಖಾತೆಯನ್ನು ಅವರಿಗೆ ತೋರಿಸುತ್ತಿದ್ದಾಗ, ‘ಇದರ ಪಾಸ್‌ವರ್ಡ್ ಮರೆತರೆ, ಬದಲಿಸುವ ಕೊಂಡಿ ಯಾರಿಗೆ ಹೋಗುತ್ತದೆ?’ ಎಂದು ಕೇಳಿದರು. ನೋಡಿದರೆ ಹಳೆಯ ಸಾಮಾನ್ಯ ಇನ್‌ಬಾಕ್ಸ್‌ಗೆ. ಅಂದರೆ ಆ ಇನ್‌ಬಾಕ್ಸ್ ತೆರೆಯಬಲ್ಲ ಹತ್ತು ಮಂದಿಯಲ್ಲಿ ಯಾರು ಬೇಕಾದರೂ, ಬಯಸಿದರೆ, ಸಹಾಯವಾಣಿಯ ಪತ್ರಗಳ ಒಳಗೆ ಹೋಗಬಹುದಿತ್ತು. ಬಾಗಿಲು ಮೂರಾಗಿತ್ತು, ಬೀಗದ ಕೈ ಒಂದೇ ಗೂಟದಲ್ಲಿ ನೇತಾಡುತ್ತಿತ್ತು.

ಪ್ರಕರಣದ ತಿರುವು ಇಲ್ಲಿದೆ. ಅಲ್ಲಿಯವರೆಗೆ ‘ನಾವು ಯಾರಂತೆ ಕಾಣುತ್ತೇವೆ’ ಎಂಬುದನ್ನು ಚರ್ಚಿಸುತ್ತಿದ್ದ ನಾವು, ಆ ಪ್ರಶ್ನೆಯ ನಂತರ ‘ಯಾವುದನ್ನು ಯಾರು ಓದಬಲ್ಲರು’ ಎಂದು ಕೇಳಿಕೊಳ್ಳತೊಡಗಿದೆವು. ಆಕೆಯೇ ಒಂದು ಕೋಷ್ಟಕ ಮಾಡಿದರು. ಒಂದೊಂದು ಸಾಲಿಗೆ ಒಂದೊಂದು ವಸ್ತು: ಡೊಮೈನ್, ಇನ್‌ಬಾಕ್ಸ್, ಬ್ಯಾಕಪ್, ಕ್ಯಾಲೆಂಡರ್, ಹರಟೆ ಕೋಣೆ, ಹೀಗೆ. ಪ್ರತಿಯೊಂದರ ಮುಂದೆ ಯಾರು ಓದಬಲ್ಲರು, ಯಾರು ಬದಲಿಸಬಲ್ಲರು, ಯಾರು ಮುಚ್ಚಿಬಿಡಬಲ್ಲರು ಎಂಬ ಮೂರು ಮನೆಗಳು. ಓದಬೇಕಾದವರ ಹೆಸರನ್ನಲ್ಲ, ಓದಬಲ್ಲವರ ಹೆಸರನ್ನು ಬರೆಯಬೇಕೆಂದು ಅವರು ಪಟ್ಟು ಹಿಡಿದರು. ಮೂವತ್ತೊಂದು ಸಾಲುಗಳಾದವು.

ಅದರಲ್ಲಿ ಕಂಡದ್ದು ಒಂದೊಂದೂ ಕಣ್ತೆರೆಸುವಂಥದ್ದು. ಮೂರು ತಾಣಗಳಲ್ಲೂ ಭೇಟಿಗಳನ್ನು ಎಣಿಸುವ ತಂತ್ರಾಂಶ ಒಂದೇ ಆಗಿತ್ತು. ಬಳಗದ ಕಾರ್ಯಕ್ರಮಕ್ಕೆ ಎಷ್ಟು ಮಂದಿ ಬರಬಹುದೆಂದು ನೋಡಲು ಅದನ್ನು ತೆರೆದವರಿಗೆ, ಸಹಾಯವಾಣಿಯ ಯಾವ ಪುಟವನ್ನು ಯಾವ ಹೊತ್ತಿನಲ್ಲಿ ಯಾವ ಪ್ರದೇಶದಿಂದ ಯಾರೋ ಓದಿದ್ದಾರೆಂಬುದೂ ಕಾಣುತ್ತಿತ್ತು. ಮೂರು ತಾಣಗಳ ಹೆಸರೂ ಒಂದೇ ಭದ್ರತಾ ಪ್ರಮಾಣಪತ್ರದಲ್ಲಿದ್ದವು. ಇಂಥ ಪ್ರಮಾಣಪತ್ರಗಳು ಸಾರ್ವಜನಿಕ ದಾಖಲೆಯಲ್ಲಿ ಸೇರುವುದರಿಂದ ಯಾರು ಬೇಕಾದರೂ ಅವುಗಳ ನಂಟನ್ನು ನೋಡಬಹುದಿತ್ತು. ಮೂರು ಗುಂಪುಗಳ ಬ್ಯಾಕಪ್ ಒಂದೇ ಡಿಸ್ಕ್‌ನಲ್ಲಿ, ಒಂದೇ ಗುಪ್ತಪದದ ಹಿಂದೆ. ದಾನಿಗಳ ಪಟ್ಟಿಯೂ ಸಭೆಗೆ ಬಂದವರ ಪಟ್ಟಿಯೂ ಒಂದೇ ಸ್ಪ್ರೆಡ್‌ಶೀಟಿನ ಎರಡು ಹಾಳೆಗಳು.

ಮೊದಲ ಸಾಲಿನಲ್ಲೇ ಇದ್ದದ್ದು ಡೊಮೈನ್. ಅದು ಬಳಗ ಕಟ್ಟಿದ ಹಿರಿಯರೊಬ್ಬರ ಸ್ವಂತ ಹೆಸರಿನಲ್ಲಿ, ಅವರ ಸ್ವಂತ ಇಮೇಲ್‌ಗೆ ಕಟ್ಟಿಕೊಂಡು, ಅವರ ಸ್ವಂತ ಕಾರ್ಡಿನಿಂದ ವರ್ಷ ವರ್ಷ ನವೀಕರಣಗೊಳ್ಳುತ್ತಿತ್ತು.

ಹಿರಿಯರೊಂದಿಗೆ ನಡೆದ ಮಾತು

ಈ ಭಾಗವನ್ನು ಬಿಟ್ಟುಬಿಡುವುದು ಸುಲಭವಿತ್ತು. ಆದರೆ ಇಂಥ ಕೆಲಸ ನಿಂತುಹೋಗುವುದು ಬಹುಮಟ್ಟಿಗೆ ಇಂಥ ಜಾಗದಲ್ಲೇ ಆದ್ದರಿಂದ ಬರೆಯುತ್ತಿದ್ದೇನೆ.

ಹೆಸರು ಒಬ್ಬರ ಕೈಯಲ್ಲಿ, ದುಡಿಮೆ ಹಲವರ ಕೈಯಲ್ಲಿ ಇದ್ದಾಗ ಏನಾಗಬಹುದೆಂಬುದಕ್ಕೆ ನಮ್ಮ ಕಣ್ಣಮುಂದೆ ಒಂದು ನಿದರ್ಶನವಿತ್ತು. ಸ್ವತಂತ್ರ ತಂತ್ರಾಂಶ ಯೋಜನೆಗಳು ವರ್ಷಗಟ್ಟಲೆ ಬಳಸಿದ್ದ ಫ್ರೀನೋಡ್ ಎಂಬ ಹರಟೆ ಜಾಲದಲ್ಲಿ, ನಿಯಂತ್ರಣ ಯಾರದ್ದೆಂಬ ವಿವಾದದ ಕಾರಣ 2021ರ ಮೇ ತಿಂಗಳಲ್ಲಿ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರಲ್ಲಿ ಹೆಚ್ಚಿನವರು ಹೊರನಡೆದು ಲಿಬೆರಾ ಚಾಟ್ ಎಂಬ ಹೊಸ ಜಾಲ ಕಟ್ಟಿದರು. ಜನ ಹೊಸ ಕಡೆಗೆ ಹೋಗಬಹುದು. ಹಳೆಯ ಹೆಸರೂ ವಿಳಾಸವೂ ಅವರೊಂದಿಗೆ ಹೋಗುವುದಿಲ್ಲ.

ಈ ನಿದರ್ಶನವನ್ನು ಉಲ್ಲೇಖಿಸಿ ನಾವು ಹಿರಿಯರಿಗೆ ಒಂದು ಪತ್ರ ಬರೆದೆವು. ‘ಇಂತಿಷ್ಟು ದಿನದೊಳಗೆ ಡೊಮೈನ್ ವರ್ಗಾಯಿಸಬೇಕೆಂದು ಕೋರುತ್ತೇವೆ’ ಎಂಬ ಸಾಲು ಅದರಲ್ಲಿತ್ತು. ಅವರು ಮರುದಿನ ಸಭೆಗೆ ಬಂದು, ‘ಹದಿಮೂರು ವರ್ಷ ಕೈಯಿಂದ ಹಣ ಕಟ್ಟಿದ್ದೇನೆ. ಒಂದು ಮಾತು ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತಲ್ಲ?’ ಎಂದಷ್ಟೇ ಹೇಳಿ ಹೊರಟುಹೋದರು. ನಮ್ಮ ವಾದ ಸರಿಯಿತ್ತು. ಅದನ್ನು ಹೇಳಿದ ರೀತಿ ಅವರ ಹದಿಮೂರು ವರ್ಷಗಳನ್ನು ಅನುಮಾನಕ್ಕೆ ಈಡುಮಾಡಿತ್ತು. ಇಬ್ಬರು ಅವರ ಮನೆಗೆ ಹೋಗಿ ಕ್ಷಮೆ ಕೇಳಿದರು. ಕೋಷ್ಟಕವನ್ನು ಜೊತೆಗೆ ಒಯ್ದಿದ್ದರು. ಅದನ್ನು ಸಾಲುಸಾಲಾಗಿ ಓದಿದ ಮೇಲೆ ಅವರು ಹೇಳಿದ್ದು ನಮಗಾರಿಗೂ ಹೊಳೆದಿರಲಿಲ್ಲ: ತಾನು ಆಸ್ಪತ್ರೆ ಸೇರಿದ್ದ ಒಂದು ತಿಂಗಳು ಅವರಿಗಿದ್ದ ದೊಡ್ಡ ಚಿಂತೆ, ನವೀಕರಣದ ದಿನ ತಪ್ಪಿಹೋದರೆ ಎಂಬುದಾಗಿತ್ತಂತೆ. ವರ್ಗಾವಣೆ ಆ ವಾರವೇ ಮುಗಿಯಿತು. ಆಮೇಲಿನ ಒಪ್ಪಂದಗಳ ಕರಡನ್ನು ತಿದ್ದಿದವರಲ್ಲಿ ಅವರೂ ಒಬ್ಬರು.

ಕೊನೆಗೆ ಹಿಡಿದ ದಾರಿ

ಕೋಷ್ಟಕ ಮುಗಿದ ಮೇಲೆ ಪ್ರತಿ ಗುಂಪೂ ತಾನು ಹೊರಗಿನವರಿಗೆ ಕೊಡುವ ಮಾತನ್ನು ಒಂದು ಪುಟದಲ್ಲಿ ಬರೆದುಕೊಡಬೇಕೆಂದು ತೀರ್ಮಾನವಾಯಿತು. ಬಳಗ ಬರೆಯಿತು: ನಮಗೆ ಬಂದ ಪತ್ರಗಳೂ ನಮ್ಮ ಚರ್ಚೆಗಳೂ ಸಾರ್ವಜನಿಕ, ಯಾರು ಬೇಕಾದರೂ ಓದಬಹುದು, ಯಾವುದನ್ನೂ ಅಳಿಸುವುದಿಲ್ಲ. ದುರಸ್ತಿ ತಂಡ ಬರೆಯಿತು: ಕೊಟ್ಟ ಕಂಪ್ಯೂಟರಿನ ಡಿಸ್ಕ್ ಅಳಿಸಿದ್ದಕ್ಕೆ ದಾಖಲೆ ಇಡುತ್ತೇವೆ, ಅದನ್ನು ಕೊಟ್ಟವರಿಗೆ ಮಾತ್ರ ತೋರಿಸುತ್ತೇವೆ, ಯಾರ ಪರವಾಗಿಯೂ ಯಾರ ವಿರುದ್ಧವಾಗಿಯೂ ಹೇಳಿಕೆ ಕೊಡುವುದಿಲ್ಲ. ಸಹಾಯವಾಣಿ ಬರೆಯಿತು: ಆ ವಾರ ಸರದಿಯಲ್ಲಿರುವ ಇಬ್ಬರ ಹೊರತು ಯಾರೂ ಓದುವುದಿಲ್ಲ, ಕೆಲಸ ಮುಗಿದ ತೊಂಬತ್ತು ದಿನಗಳಲ್ಲಿ ಎಲ್ಲವನ್ನೂ ಅಳಿಸುತ್ತೇವೆ.

ಮೂರು ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ಕೋಣೆಯಲ್ಲಿದ್ದವರಿಗೆಲ್ಲ ಒಮ್ಮೆಗೇ ವಿಷಯ ಅರ್ಥವಾಯಿತು. ಒಂದು ಮಾತನ್ನು ಉಳಿಸಿಕೊಂಡರೆ ಇನ್ನೊಂದು ಮುರಿಯುತ್ತದೆ. ಬಳಗದ ಬೆಲೆ ಇರುವುದು ಎಲ್ಲವನ್ನೂ ತೆರೆದಿಡುವುದರಲ್ಲಿ. ಸಹಾಯವಾಣಿಯ ಬೆಲೆ ಇರುವುದು ಬಾಯಿ ಬಿಡದಿರುವುದರಲ್ಲಿ. ಒಂದೇ ಇನ್‌ಬಾಕ್ಸ್ ಈ ಎರಡು ಮಾತುಗಳನ್ನೂ ಉಳಿಸಲಾರದು, ಅದನ್ನು ನೋಡಿಕೊಳ್ಳುವವರು ಎಷ್ಟೇ ಒಳ್ಳೆಯವರಾಗಿದ್ದರೂ ಸರಿ. ಅದೇ ವ್ಯಕ್ತಿ ಮಾತ್ರ ಬೆಳಿಗ್ಗೆ ಒಂದು ಮಾತನ್ನೂ ಸಂಜೆ ಇನ್ನೊಂದು ಮಾತನ್ನೂ ಉಳಿಸಬಲ್ಲ. ಹಾಗಾಗಿ ಬೇರೆ ಮಾಡಬೇಕಾದದ್ದು ಕೊಟ್ಟ ಮಾತುಗಳನ್ನು, ಆ ಮಾತುಗಳು ನಿಂತಿರುವ ವಸ್ತುಗಳನ್ನು, ಜನರನ್ನಲ್ಲ.

ಸಹಾಯವಾಣಿಗೆ ಹೊಸ ಡೊಮೈನ್ ಬಂತು. ಅದರ ಹೆಸರಿನಲ್ಲಿ ನೆರವು, ಸುರಕ್ಷೆ ಎಂಬ ಯಾವ ಸುಳಿವೂ ಇಲ್ಲ. ಹಳೆಯ ಖಾತೆಗಳನ್ನು ಸಾಗಿಸದೆ ಹೊಸದಾಗಿ ತೆರೆದೆವು, ಏಕೆಂದರೆ ಸಾಗಿಸಿದ ಖಾತೆಯ ಜೊತೆ ಹಳೆಯ ಅನುಮತಿಗಳೂ ಬಂದುಬಿಡುತ್ತವೆ. ಒಳಗೆ ಹೋಗಲು ಪಾಸ್‌ವರ್ಡ್ ಅಲ್ಲದೆ ಕೈಯಲ್ಲಿ ಹಿಡಿಯುವ ಭದ್ರತಾ ಕೀಲಿ ಬೇಕು. ಪಾಸ್‌ವರ್ಡ್ ಬದಲಿಸುವ ಕೊಂಡಿ ಸಹಾಯವಾಣಿಯ ಹೊರಗೆ ಎಲ್ಲಿಗೂ ಹೋಗುವುದಿಲ್ಲ. ಭೇಟಿಗಳನ್ನು ಎಣಿಸುವುದನ್ನೇ ಅಲ್ಲಿ ಕೈಬಿಟ್ಟೆವು. ದುರಸ್ತಿ ತಂಡ ತನ್ನದೇ ಡೊಮೈನ್‌ನಿಂದ ಸುದ್ದಿಪತ್ರ ಕಳಿಸತೊಡಗಿತು. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ, ಪತ್ರ ನಿಜವಾಗಿ ಆ ಡೊಮೈನ್‌ನದ್ದೇ ಎಂದು ಪರೀಕ್ಷಿಸಲು ನೆರವಾಗುವ ಮೂರು ದಾಖಲೆಗಳನ್ನು ಪ್ರತಿ ಡೊಮೈನ್‌ಗೂ ಬೇರೆಬೇರೆ ಹಾಕಿದ್ದರಿಂದ ಒಂದು ಗುಂಪಿನ ಸರ್ವರ್ ಇನ್ನೊಂದರ ಹೆಸರಿನಲ್ಲಿ ಪತ್ರ ಕಳಿಸಿದರೆ ಅದು ತಪಾಸಣೆಯಲ್ಲೇ ಸಿಕ್ಕಿಬೀಳುತ್ತದೆ.

ಬಹಳ ನೋವು ಕೊಟ್ಟದ್ದು ಪಟ್ಟಿಗಳನ್ನು ಬೇರೆ ಮಾಡುವ ಕೆಲಸ. ಆರುನೂರಕ್ಕೂ ಹೆಚ್ಚು ವಿಳಾಸಗಳಿದ್ದವು. ಯಾರು ಯಾವುದಕ್ಕೆ ಒಪ್ಪಿ ಕೊಟ್ಟರೆಂಬ ದಾಖಲೆ ಇರಲಿಲ್ಲ. ಒಂದು ಉದ್ದೇಶಕ್ಕೆ ಪಡೆದ ಮಾಹಿತಿಯನ್ನು ಅದಕ್ಕೆ ಹೊಂದದ ಇನ್ನೊಂದು ಉದ್ದೇಶಕ್ಕೆ ಬಳಸಬಾರದೆಂಬ ತತ್ವ 2018ರ ಮೇ ತಿಂಗಳಿನಿಂದ ಅನ್ವಯವಾಗುತ್ತಿರುವ ಯುರೋಪಿನ ದತ್ತಾಂಶ ರಕ್ಷಣಾ ನಿಯಮದ 5ನೆಯ ವಿಧಿಯಲ್ಲಿದೆ. ಆ ಕಾನೂನು ತಮಗೆ ಅನ್ವಯವಾಗದ ಗುಂಪುಗಳಿಗೂ ಅದು ಒಳ್ಳೆಯ ಅಳತೆಗೋಲು ಎಂದು ನಾನು ವಾದಿಸಿದೆ. ಪ್ರತಿಯೊಬ್ಬರಿಗೂ ಒಂದೇ ಒಂದು ಪತ್ರ ಬರೆದು, ಮೂರರಲ್ಲಿ ಯಾವುದರ ಸುದ್ದಿ ಬೇಕೆಂದು ಕೇಳಿದೆವು. ಮೂರನೆಯ ಒಂದು ಭಾಗದಷ್ಟು ಜನ ಮಾತ್ರ ಉತ್ತರಿಸಿದರು. ಉಳಿದ ವಿಳಾಸಗಳನ್ನು ಅಳಿಸಿದೆವು. ವರ್ಷಗಳ ಕಾಲ ಒಂದೊಂದಾಗಿ ಆ ವಿಳಾಸಗಳನ್ನು ಕೂಡಿಸಿದ್ದವರು ಅಳಿಸುವಾಗ ಎದುರಿಗೆ ಕೂತಿದ್ದರು.

ಹಣದ ವಿಷಯದಲ್ಲಿ ಪೂರ್ತಿ ಬೇರೆಯಾಗುವುದು ಸಾಧ್ಯವಿರಲಿಲ್ಲ. ನೋಂದಣಿಯೂ ಬ್ಯಾಂಕ್ ಖಾತೆಯೂ ಇದ್ದದ್ದು ಬಳಗಕ್ಕೆ ಮಾತ್ರ. ಇಲ್ಲಿ ನಮಗೆ ಮಾದರಿಯಾದದ್ದು ಸ್ವಯಂಸೇವಕರು ಸೇರಿ ಕಟ್ಟುವ ಲಿನಕ್ಸ್ ಆವೃತ್ತಿಯಾದ ಡೆಬಿಯನ್. 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯ ಪರವಾಗಿ ಹಣವನ್ನೂ ಹೆಸರಿನ ಹಕ್ಕನ್ನೂ ಇಟ್ಟುಕೊಳ್ಳಲು 1997ರಲ್ಲಿ ‘ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್’ ಎಂಬ ಸಂಸ್ಥೆ ನೋಂದಣಿಯಾಯಿತು. ಅದು ಬೇರೆ ಯೋಜನೆಗಳ ಹಣವನ್ನೂ ಇಟ್ಟುಕೊಳ್ಳುತ್ತದೆ, ಆದರೆ ಡೆಬಿಯನ್ ಹೇಗೆ ನಡೆಯಬೇಕೆಂಬುದನ್ನು ನಿರ್ಧರಿಸುವವರು ಡೆಬಿಯನ್‌ನವರೇ. ಅದೇ ರೀತಿ ಎರಡು ಪುಟದ ಒಪ್ಪಂದ ಬರೆದೆವು: ಬಳಗ ಹಣ ಇಟ್ಟುಕೊಳ್ಳುತ್ತದೆ, ಲೆಕ್ಕ ಒಪ್ಪಿಸುತ್ತದೆ, ಖರ್ಚಿನ ನಿರ್ಧಾರ ಮಾಡುವುದಿಲ್ಲ. ಒಂದು ಗುಂಪು ಮುಂದೆ ಬೇರೆ ಆಸರೆ ಹುಡುಕಿಕೊಂಡರೆ ಉಳಿದ ಹಣವೂ ಹೆಸರೂ ಅದರ ಜೊತೆ ಹೋಗುತ್ತವೆ. ಈ ಕೊನೆಯ ವಾಕ್ಯವನ್ನು ಬರೆಸಿದ್ದು ಆ ಹಿರಿಯರು.

ಇನ್ನೊಬ್ಬರ ಹೆಸರನ್ನು ಯಾವಾಗ ಬಳಸಬಹುದೆಂಬುದಕ್ಕೂ ಡೆಬಿಯನ್‌ನ ಇತಿಹಾಸದಲ್ಲೇ ಒಂದು ಪಾಠ ಸಿಕ್ಕಿತು. ತಾನು ಒಪ್ಪದ ಬದಲಾವಣೆಗಳಿರುವ ಬ್ರೌಸರಿಗೆ ಫೈರ್‌ಫಾಕ್ಸ್ ಹೆಸರು ಇರಬಾರದೆಂದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಹೇಳಿದ್ದರಿಂದ, ಡೆಬಿಯನ್ 2006ರಿಂದ ಹತ್ತು ವರ್ಷ ಅದನ್ನು ಐಸ್‌ವೀಸಲ್ ಎಂಬ ಹೆಸರಿನಲ್ಲಿ ಹಂಚಿತು. 2016ರಲ್ಲಿ ಎರಡೂ ಕಡೆಯವರು ಒಪ್ಪಿ ಹಳೆಯ ಹೆಸರು ಮರಳಿತು. ಯಾರೂ ಯಾರಿಗೂ ಶತ್ರುವಾಗದೆಯೇ ಹೆಸರಿನ ಬಗ್ಗೆ ಬಿಗಿಯಾಗಿರಬಹುದು ಎಂಬುದು ನಮಗೆ ಮುಖ್ಯವೆನಿಸಿತು. ಈಗ ಪ್ರಕಟಣೆಯಲ್ಲಿ ಇನ್ನೊಂದು ಗುಂಪಿನ ಹೆಸರು ಬರಬೇಕಾದರೆ ಪ್ರತಿ ಸಲವೂ ಬರಹದಲ್ಲಿ ಕೇಳಬೇಕು. ‘ಎಲ್ಲರೂ ನಮ್ಮವರೇ ಅಲ್ಲವೇ’ ಎಂಬುದು ಅನುಮತಿಯಲ್ಲ.

ಸಭೆಗಳಲ್ಲಿ ಮಾತಾಡುವವರು ಯಾವ ಗುಂಪಿನ ಪರವಾಗಿ ಮಾತಾಡುತ್ತಿದ್ದೇವೆಂದು ಮೊದಲೇ ಹೇಳುತ್ತಾರೆ, ಸ್ವಂತ ಅಭಿಪ್ರಾಯವಾದರೆ ಅದನ್ನೂ. ಎರಡು ಗುಂಪುಗಳ ನಡುವೆ ಹಣ ಅಥವಾ ಸಾಮಗ್ರಿ ಹಂಚುವ ನಿರ್ಧಾರವಿದ್ದಾಗ ಎರಡರಲ್ಲೂ ಇರುವವರು ತಮಗೆ ಗೊತ್ತಿರುವುದನ್ನು ಹೇಳಬಹುದು, ಮತ ಹಾಕುವುದಿಲ್ಲ. ಮೊದಮೊದಲು ಇದು ನಾಟಕದಂತಿತ್ತು. ಆರು ತಿಂಗಳಲ್ಲಿ ಅಭ್ಯಾಸವಾಯಿತು. ಉಪಕರಣಗಳ ಕೋಣೆ, ಪರೀಕ್ಷೆಗೆ ಇಟ್ಟ ಕಂಪ್ಯೂಟರ್‌ಗಳು, ಹೊಸಬರಿಗೆ ಕಲಿಸುವ ತರಗತಿಗಳು ಹಿಂದಿನಂತೆಯೇ ಎಲ್ಲರವೂ ಆಗಿ ಉಳಿದವು.

ಆಮೇಲೆ

ಕೆಲಸ ಹೆಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮೂರು ನವೀಕರಣ, ಮೂರು ಬ್ಯಾಕಪ್, ಮೂರು ಕಡೆ ತಂತ್ರಾಂಶ ಪರಿಷ್ಕರಣೆ. ವಿಳಾಸ ಬದಲಾದ ಮೇಲೆ ಸಹಾಯವಾಣಿಗೆ ಬರುವ ಪತ್ರಗಳು ನಾಲ್ಕು ತಿಂಗಳು ಕಡಿಮೆಯಾಗಿದ್ದವು. ಆ ಅವಧಿಯಲ್ಲಿ ನೆರವು ಸಿಗದೆ ಹೋದವರು ಇದ್ದಿರಬಹುದೆಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಕಂಪ್ಯೂಟರ್ ಕೊಟ್ಟಿದ್ದ ಕಂಪನಿ ಈಗಲೂ ಕೊಡುತ್ತಿದೆ, ಬಳಗ ಈಗಲೂ ಅದನ್ನು ಟೀಕಿಸುತ್ತಿದೆ; ಎರಡೂ ಕಡೆಯವರು ಯಾರಿಗೆ ಬರೆಯಬೇಕೆಂದು ತಿಳಿದು ಬರೆಯುತ್ತಾರೆ. ಮೂರನ್ನೂ ಬಿಟ್ಟುಹೋಗಿದ್ದ ಅನುಭವಿ ಸ್ವಯಂಸೇವಕರು ಒಂದು ವರ್ಷದ ನಂತರ ದುರಸ್ತಿ ತಂಡಕ್ಕೆ ಮಾತ್ರ ಮರಳಿದರು.

ಒಂದು ತಪ್ಪು ಎಲ್ಲ ಏರ್ಪಾಡುಗಳ ನಂತರವೂ ನಡೆಯಿತು, ನಡೆಸಿದವನು ನಾನು. ಫೋನಿನ ಒಂದೇ ಆ್ಯಪ್‌ನಲ್ಲಿ ಮೂರು ಖಾತೆಗಳನ್ನು ಇಟ್ಟುಕೊಂಡಿದ್ದೆ. ಸಹಾಯವಾಣಿಯ ಪತ್ರಕ್ಕೆ ಬಳಗದ ವಿಳಾಸದಿಂದ ಉತ್ತರ ಹೋಯಿತು. ಅದರ ಒಂದು ಪ್ರತಿ ಬಳಗದ ಸರ್ವರ್‌ನಲ್ಲಿ ಉಳಿಯಿತು. ಅದನ್ನು ಅಳಿಸಿ, ಪತ್ರ ಬರೆದವರಿಗೆ ತಿಳಿಸಿ, ಘಟನೆಯನ್ನು ಯಾರ ಹೆಸರೂ ಇಲ್ಲದೆ ದಾಖಲಿಸಿದೆವು. ಈಗ ಸಹಾಯವಾಣಿಯ ಕೆಲಸಕ್ಕೆ ಸರದಿಯಲ್ಲಿರುವವರಿಗೆ ಪ್ರತ್ಯೇಕ ಫೋನ್ ಇದೆ. ಸರ್ವರ್‌ಗಳನ್ನು ಬೇರೆ ಮಾಡಿದರೂ ಮೂರು ಗುಂಪುಗಳು ಒಬ್ಬರ ಅಂಗೈಯಲ್ಲಿ ಮತ್ತೆ ಕೂಡಿಕೊಳ್ಳಬಲ್ಲವು ಎಂಬುದನ್ನು ಕೋಷ್ಟಕ ಮಾಡುವಾಗ ನಾವು ನೆನೆದಿರಲಿಲ್ಲ. ಅದಕ್ಕೊಂದು ಮೂವತ್ತೆರಡನೆಯ ಸಾಲು ಸೇರಿದೆ: ಸ್ವಯಂಸೇವಕರ ಸ್ವಂತ ಸಾಧನಗಳು. ಕೋಷ್ಟಕವನ್ನು ಆರು ತಿಂಗಳಿಗೊಮ್ಮೆ, ಮೂರು ಗುಂಪುಗಳಿಂದ ಒಬ್ಬೊಬ್ಬರು ಸೇರಿ, ಪ್ರತಿ ಸಾಲನ್ನೂ ನಿಜವಾಗಿ ತೆರೆದು ನೋಡಿ ಪರಿಶೀಲಿಸುತ್ತಾರೆ. ನೆನಪಿನಿಂದ ತುಂಬುವಂತಿಲ್ಲ.

ಉಳಿದದ್ದು ಹಳೆಯ ವಿಳಾಸ. ಸಹಾಯವಾಣಿಯ ಮೊದಲ ವಿಳಾಸ ಬಳಗದ ಡೊಮೈನ್ ಮೇಲಿತ್ತು, ಅದನ್ನು ಅಚ್ಚು ಹಾಕಿಸಿ ಹಂಚಿದ್ದ ಚೀಟಿಗಳು ಯಾರ ಯಾರ ಬಳಿ ಇವೆಯೋ ತಿಳಿಯದು. ಆ ವಿಳಾಸವನ್ನು ಹೊಸದಕ್ಕೆ ತಿರುಗಿಸಿದರೆ ಪತ್ರ ಬಳಗದ ಸರ್ವರ್ ಮೂಲಕ ಹಾಯಬೇಕಾಗುತ್ತದೆ. ಸುಮ್ಮನೆ ಮುಚ್ಚಿದರೆ ಬರೆದವರು ಉತ್ತರಕ್ಕಾಗಿ ಕಾಯುತ್ತಾರೆ. ಕೊನೆಗೆ ಪತ್ರ ಆ ವಿಳಾಸಕ್ಕೆ ಬಂದದ್ದೆಂದು ತಿಳಿದ ಕೂಡಲೇ ಸರ್ವರ್, ಪತ್ರದ ಒಡಲನ್ನು ಸ್ವೀಕರಿಸುವ ಮೊದಲೇ, ನಿರಾಕರಿಸುವಂತೆ ಮಾಡಿದೆವು. ನಿರಾಕರಣೆಯ ಜೊತೆ ಹೊಸ ವಿಳಾಸವಿರುವ ಒಂದು ಸಾಲು ಕಳಿಸಿದವರಿಗೆ ಮರಳುತ್ತದೆ. ಆ ಒಂದು ಸಾಲಿಗಾಗಿ ಒಂದಿಡೀ ಸಂಜೆ ಕುಳಿತೆವು, ಏಕೆಂದರೆ ಅವರ ಇನ್‌ಬಾಕ್ಸನ್ನು ಬೇರೆ ಯಾರಾದರೂ ನೋಡುತ್ತಿದ್ದರೆ ಆ ಸಾಲನ್ನೂ ನೋಡುತ್ತಾರೆ. ‘ಈ ವಿಳಾಸ ಬದಲಾಗಿದೆ, ದಯವಿಟ್ಟು ಇಲ್ಲಿಗೆ ಬರೆಯಿರಿ’ ಎಂಬುದರ ಆಚೆಗೆ ಅದರಲ್ಲಿ ಏನೂ ಇಲ್ಲ. ಡೊಮೈನ್ ಕೈತಪ್ಪಿದರೆ ಅದನ್ನು ಕೊಂಡವರು ಯಾರೇ ಆಗಲಿ ಅವರಿಗೆ ಆ ಪತ್ರಗಳು ಹೋಗುತ್ತವೆ. ಆದ್ದರಿಂದ ಬಳಗ ಮುಂದೆ ತನ್ನ ಹೆಸರನ್ನೇ ಬದಲಿಸಿದರೂ ಈ ಡೊಮೈನನ್ನು ಬಿಡಬಾರದೆಂದು ಒಪ್ಪಂದದಲ್ಲಿ ಬರೆದು, ಒಮ್ಮೆಗೆ ಎಷ್ಟು ದೀರ್ಘಾವಧಿಗೆ ನೋಂದಾಯಿಸಬಹುದೋ ಅಷ್ಟಕ್ಕೆ, ಅಂದರೆ ಹತ್ತು ವರ್ಷಕ್ಕೆ, ಹಣ ಕಟ್ಟಿದ್ದೇವೆ. ಎಷ್ಟು ಪತ್ರಗಳು ಮರಳಿದವೆಂಬ ಸಂಖ್ಯೆಯನ್ನು ಮಾತ್ರ ಸರ್ವರ್ ಬರೆದಿಡುತ್ತದೆ. ಕಳೆದ ತಿಂಗಳು ಎರಡು.